ನ್ಯಾರೋಬೋಟಿನಲ್ಲಿ ಬಿಸಿನೀರು: ಲಾಂಗೊಲೆನ್ ಕಾಲುವೆಗೆ ಹೊರಟವರಿಗೆ

ಬುಕ್ ಮಾಡುವಾಗ ನಾನು ನೋಡಿದ್ದು ಹಾಸಿಗೆ ಎಷ್ಟಿವೆ, ಅಡುಗೆಮನೆಯಲ್ಲಿ ಏನೇನಿದೆ ಅನ್ನುವುದನ್ನು ಮಾತ್ರ. ಬೋಟ್ ಹತ್ತಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಬಚ್ಚಲು ಎಲ್ಲಿದೆಯೇ?"

ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಹತ್ತಿರ ಇಂಗ್ಲೆಂಡಿಗೆ ಬಂದು ಮೂರು ವಾರವಾಗಿತ್ತು. ಮೇ ಕೊನೆಗೆ ಮಗಳ ಶಾಲೆಗೆ ಒಂದು ವಾರ ರಜೆ. ಎಲ್ಸ್‌ಮಿಯರ್ ಹತ್ತಿರ ಬೋಟ್ ಬಾಡಿಗೆಗೆ ತಗೊಂಡು, ವೇಲ್ಸ್‌ನ ಲಾಂಗೊಲೆನ್ ಊರಿನವರೆಗೆ ಹೋಗಿ ಬರುವ ನಾಲ್ಕು ರಾತ್ರಿಯ ಪ್ರವಾಸ. ಕಾಲುವೆಯ ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಸ್ನಾನದ ಬಗ್ಗೆ. ನಾಲ್ಕು ದಿನ ನಾವು ಜಾಸ್ತಿ ಮಾತಾಡಿದ್ದು ಅದನ್ನೇ.

ನ್ಯಾರೋಬೋಟ್ ಅಂದರೆ ಅಗಲ ಬರೀ ಏಳು ಅಡಿ. ನಮ್ಮದರ ಉದ್ದ 58 ಅಡಿ. ರೈಲಿನ ಬೋಗಿಯನ್ನು ಹಿಂಡಿ ಸಣ್ಣದು ಮಾಡಿದ ಹಾಗೆ. ಮಧ್ಯದಲ್ಲೊಂದು ಬಾಗಿಲು, ಅದರೊಳಗೆ ಕಮೋಡ್, ಪುಟ್ಟ ಬೇಸಿನ್, ಎರಡೂ ಮೊಣಕೈ ಒಟ್ಟಿಗೆ ಚಾಚಲಾಗದ ಶವರ್.

ಬಿಸಿನೀರು ಬರುವುದು ಹೇಗೆ ಅಂತ ಮೊದಲು ತಿಳಿದುಕೊಳ್ಳಿ, ಅರ್ಧ ಜಗಳ ತಪ್ಪುತ್ತದೆ. ಎಂಜಿನ್ ತಂಪಾಗಿಸಲು ಅದರೊಳಗೆ ನೀರು ಸುತ್ತುತ್ತಿರುತ್ತದಲ್ಲ, ಆ ಬಿಸಿನೀರನ್ನು ಒಂದು ಸುರುಳಿ ಕೊಳವೆಯಲ್ಲಿ ಹಾಯಿಸಿ ಸ್ನಾನದ ಟ್ಯಾಂಕಿನೊಳಗೆ ತಿರುಗಿಸುತ್ತಾರೆ. ಟ್ಯಾಂಕಿಗೆ ಕ್ಯಾಲೊರಿಫೈಯರ್ ಅಂತ ಹೆಸರು. ಎರಡು ನೀರೂ ಒಂದಕ್ಕೊಂದು ಸೇರುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಬೋಟ್ ಕೊಡುವಾಗ ಅಲ್ಲಿಯ ಹುಡುಗ ಇದನ್ನೆಲ್ಲ ವಿವರಿಸಿದ. ನಾನು ಕನ್ನಡಕ್ಕೆ ತಂದು ಹೇಳುವಷ್ಟರಲ್ಲಿ ಅಮ್ಮನಿಗೆ ಅರ್ಥವಾಗಿತ್ತು. "ಹಂಡೆ. ಒಲೆ ಬದಲು ಎಂಜಿನ್ನು, ಅಷ್ಟೇ ತಾನೆ?"

ಅಷ್ಟೇ. ಆದರೆ ಈ ಒಲೆಗೆ ಹೊತ್ತುಗೊತ್ತು ಇದೆ. ದಡಕ್ಕೆ ಕಟ್ಟಿ ನಿಂತ ಬೋಟಿನಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಓಡಿಸುವಂತಿಲ್ಲ, ಅಕ್ಕಪಕ್ಕದ ಬೋಟಿನವರಿಗೆ ತೊಂದರೆ ಅಂತ. ನಮ್ಮಮ್ಮ ಏಳುವುದು ಐದೂವರೆಗೆ. ಸ್ನಾನ ಆಗದೆ ಒಲೆ ಮುಟ್ಟುವವರಲ್ಲ. ಅಮ್ಮ ಒಲೆ ಮುಟ್ಟದಿದ್ದರೆ ನಮಗೆ ಫಿಲ್ಟರ್ ಕಾಫಿ ಇಲ್ಲ.

ಮೊದಲ ಸಂಜೆ ಬೋಟ್ ಕಟ್ಟಿದ ತಕ್ಷಣ ಮಗಳು ಶವರಿಗೆ ಹೋದಳು. ಹದಿನಾಲ್ಕು ವರ್ಷ, ಸೊಂಟದವರೆಗೆ ಕೂದಲು. ಮನೆಯಲ್ಲಿ ಹೇಗೋ ಇಲ್ಲೂ ಹಾಗೇ, ಹದಿನೈದು ನಿಮಿಷ. ನಂತರ ಹೋದವರು ನಮ್ಮನೆಯವರು. ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ ಒಳಗಿನಿಂದ ಒಂದು ಕೂಗು. ಬಿಸಿನೀರು ಖಾಲಿ.

ಆಮೇಲೆ ಕೂತು ಲೆಕ್ಕ ಹಾಕಿದೆವು. ನಮ್ಮ ಹಂಡೆ 55 ಲೀಟರಿನದು. ಚೆನ್ನಾಗಿ ಕಾದಿದ್ದರೆ, ತಣ್ಣೀರು ಬೆರೆಸಿ ಹೆಚ್ಚೆಂದರೆ ನೂರು ಲೀಟರ್ ಹದನೀರು. ಶವರಿನಿಂದ ನಿಮಿಷಕ್ಕೆ ಆರೇಳು ಲೀಟರ್ ಹೋಗುತ್ತದೆ ಅಂದುಕೊಳ್ಳಿ. ಹದಿನೈದು ನಿಮಿಷಕ್ಕೆ ನೂರು ಲೀಟರ್! ಒಬ್ಬಳದೇ ಸ್ನಾನ. ಜೊತೆಗೆ, ಬಿಸಿನೀರು ಎಳೆದಷ್ಟೂ ಟ್ಯಾಂಕಿನ ಕೆಳಗಿನಿಂದ ತಣ್ಣೀರು ತುಂಬುತ್ತಾ ಹೋಗುತ್ತದೆ. ಕೊನೆಯ ಬಿಸಿನೀರು ಬಿಸಿಯಾಗಿಯೇ ಇರುತ್ತದೆ ಅನ್ನುವ ನಂಬಿಕೆ ಬೇಡ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಕೆಟಲ್‌ನಲ್ಲೇ ನೀರು ಕಾಯಿಸಬೇಕಾಯಿತು. ಈ ಅಳತೆ ನೆನಪಿಟ್ಟುಕೊಳ್ಳಿ: 3 ಲೀಟರ್ ಕುದಿನೀರಿಗೆ 6 ಲೀಟರ್ ತಣ್ಣೀರು. ಆ ಚಳಿಯ ನೀರಿಗೂ ಹದ ಬರುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು ಹಾಕಿ. ಅಮ್ಮ ತನ್ನ ಸಾಮಾನಿನಿಂದ ಸ್ಟೀಲಿನ ಚೊಂಬು ತೆಗೆದರು. ಚೊಂಬು ಯಾಕೆ ತಂದೆ ಅಂತ ನಾನು ಕೇಳಲಿಲ್ಲ. ಒಂದು ಬಕೆಟ್ ನೀರು, ಒಂದು ಚೊಂಬು, ಆರು ನಿಮಿಷಕ್ಕೆ ಸ್ನಾನ ಮುಗಿಸಿ ಹೊರಗೆ ಬಂದರು. ಅವತ್ತಿನಿಂದ ಎಲ್ಲರೂ ಅಮ್ಮನ ದಾರಿಯೇ. ಶವರ್ ಬಿಟ್ಟುಕೊಂಡು ನಿಲ್ಲುವ ಬದಲು ಬಕೆಟ್‌ಗೆ ಹಿಡಿದುಕೊಂಡರೆ ಎಷ್ಟು ಖರ್ಚಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಹತ್ತು ಲೀಟರಿನ ಸಣ್ಣ ಬಕೆಟ್ ಒಯ್ಯಿರಿ, ದೊಡ್ಡದು ಆ ಶವರಿನಲ್ಲಿ ಕೂರುವುದಿಲ್ಲ.

ಒಂದು ಎಚ್ಚರಿಕೆ. ದಿನವಿಡೀ ಎಂಜಿನ್ ಓಡಿದ ಮೇಲೆ ನಲ್ಲಿಯಿಂದ ಬರುವುದು ಬಿಸಿನೀರಲ್ಲ, ಸುಡುನೀರು. ಕೆಲವು ಬೋಟುಗಳಲ್ಲಿ ತಾನಾಗಿ ತಣ್ಣೀರು ಬೆರೆಸುವ ವಾಲ್ವ್ ಇರುತ್ತದೆ, ನಮ್ಮದರಲ್ಲಿ ಇರಲಿಲ್ಲ. ಮಕ್ಕಳಿದ್ದರೆ ನೀವೇ ಹೋಗಿ ಹದ ಮಾಡಿಕೊಡಿ.

ಎರಡನೇ ದಿನದ ಹೊತ್ತಿಗೆ ನಮಗೊಂದು ವೇಳಾಪಟ್ಟಿ ಸಿಕ್ಕಿತು. ಬೋಟ್ ಓಡುತ್ತಿರುವಾಗ ಎಷ್ಟು ಬಳಸಿದರೂ ಹಂಡೆ ಮತ್ತೆ ಕಾಯುತ್ತದೆ. ಹಾಗಾಗಿ ಕೂದಲು ತೊಳೆಯುವವರು ಮಧ್ಯಾಹ್ನ, ಬೋಟ್ ಸಾಗುತ್ತಿರುವಾಗಲೇ ಸ್ನಾನ ಮಾಡಬೇಕು. ಉಳಿದವರು ಕಟ್ಟುವ ಒಂದು ಗಂಟೆ ಮೊದಲು. ರಾತ್ರಿ ಪಾತ್ರೆ ತೊಳೆಯಲು ಕೆಟಲ್ ನೀರು. ಹಂಡೆಯ ಸುತ್ತ ದಪ್ಪ ಫೋಮ್ ಇರುವುದರಿಂದ ಮುಟ್ಟದೆ ಬಿಟ್ಟರೆ ಬೆಳಗಿನ ಐದೂವರೆಗೂ ಅಮ್ಮನಿಗೆ ಸಾಕಾಗುವಷ್ಟು ಬಿಸಿ ಉಳಿಯುತ್ತಿತ್ತು.

ಈ ಪಟ್ಟಿಯಿಂದ ನಷ್ಟವಾದದ್ದು ನಮ್ಮನೆಯವರಿಗೆ. ಪಾಂಟ್‌ಕಸಲ್ತೆ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ನದಿಯ ಮೇಲೆ ಹಾಯಿಸುವ ಸೇತುವೆ, ಬಂದಾಗ ಅವರು ಸ್ನಾನದಲ್ಲಿದ್ದರು. ಥಾಮಸ್ ಟೆಲ್‌ಫರ್ಡ್ ಕಟ್ಟಿಸಿ 1805ರಲ್ಲಿ ತೆರೆದದ್ದು. 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ಒಂದು ಬದಿಗೆ ನಡೆಯುವ ದಾರಿ, ಕಂಬಿ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ, ತೊಟ್ಟಿಯ ಅಂಚು ಮುಗಿದರೆ ಬರೀ ಗಾಳಿ. ನಾನು ಚುಕ್ಕಾಣಿ ಹಿಡಿದು ನಡುಗುತ್ತಿದ್ದೆ, ಅಮ್ಮ ರಾಮರಕ್ಷೆ ಹೇಳುತ್ತಿದ್ದರು. ನಮ್ಮನೆಯವರು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು "ಬಂತಾ?" ಅಂದರು. ಪುಣ್ಯಕ್ಕೆ ವಾಪಸ್ ಬರುವಾಗಲೂ ಅದೇ ದಾರಿ. ಅಂದಹಾಗೆ ಸುರಂಗಗಳಲ್ಲಿ ಸ್ನಾನ ಬೇಡ. ಚರ್ಕ್ ಸುರಂಗ 400 ಮೀಟರಿಗೂ ಉದ್ದ, ಬೋಟ್ ಗೋಡೆಗೆ ಉಜ್ಜಿದರೆ ಸೋಪಿನ ಕಾಲು ಜಾರುತ್ತದೆ.

ಇನ್ನು ನೀರು ಹೊರಗೆ ಹೋಗುವ ಕಥೆ. ಶವರಿನ ನೆಲ ಕಾಲುವೆಯ ನೀರಿಗಿಂತ ಕೆಳಗಿರುತ್ತದೆ, ಹಾಗಾಗಿ ನೀರು ತಾನಾಗಿ ಹರಿದು ಹೋಗುವುದಿಲ್ಲ. ಸ್ವಿಚ್ ಒತ್ತಿ ಪಂಪ್ ಮಾಡಬೇಕು. ಎರಡನೇ ದಿನ ಸ್ವಿಚ್ ಒತ್ತಿದರೆ ಪಂಪ್ ಗೊರಗೊರ ಅನ್ನುತ್ತಿದೆ, ನೀರು ಮಾತ್ರ ಪಾದ ಮುಚ್ಚುವಷ್ಟು ನಿಂತಿದೆ. ಬೇಸಿನ್ ಕೆಳಗಿನ ಬಾಗಿಲು ತೆಗೆದು ನೋಡಿದಾಗ, ಕೈಮುಷ್ಟಿಯಷ್ಟು ದೊಡ್ಡ ಪಾರದರ್ಶಕ ಡಬ್ಬಿ. ಫಿಲ್ಟರ್. ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಬೂದು ಬಣ್ಣದ ಲೋಳೆಯಲ್ಲಿ ಸುತ್ತಿಕೊಂಡ ಕೂದಲಿನ ಉಂಡೆ. ಕರಿ ಕೂದಲು ನಮ್ಮ ಮಗಳದು, ಒಪ್ಪಿಕೊಳ್ಳೋಣ. ಕೆಂಚು ಕೂದಲು ಯಾರದೋ! ನಮಗಿಂತ ಮೊದಲು ಬಾಡಿಗೆಗೆ ತಗೊಂಡವರದಿರಬೇಕು. ಬೋಟ್ ಕೊಡುವಾಗ ತೆರೆದು ನೋಡಿದ್ದರೆ ಇದು ನಮ್ಮ ಪಾಲಿಗೆ ಬರುತ್ತಿರಲಿಲ್ಲ. ನೀವು ಹತ್ತಿದ ಕೂಡಲೇ ಫಿಲ್ಟರ್ ತೋರಿಸಿ ಅಂತ ಕೇಳಿ. ಜೊತೆಗೆ ಒಂದು ಜೋಡಿ ರಬ್ಬರ್ ಗ್ಲೌಸ್ ಒಯ್ಯಿರಿ.

ಇನ್ನೂ ಒಂದು ಸಂಗತಿ ನಮಗೆ ತಡವಾಗಿ ಹೊಳೆಯಿತು. ನೀರಿನ ಟ್ಯಾಂಕ್ ಇರುವುದು ಬೋಟಿನ ಮುಂಭಾಗದಲ್ಲಿ. ತುಂಬಿಸಿದಾಗ ಮೂತಿ ತಗ್ಗುತ್ತದೆ, ಆಗ ಶವರಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ಹಳೇ ಟವೆಲ್‌ನಿಂದ ತೂತಿನ ಕಡೆ ಗುಡಿಸಿದರಾಯಿತು.

ಶವರಿನ ನೀರು ನೇರ ಕಾಲುವೆಗೇ ಹೋಗುತ್ತದೆ. ಶೌಚಾಲಯದ್ದು ಹಾಗಲ್ಲ, ಅದಕ್ಕೆ ಬೇರೆ ಟ್ಯಾಂಕ್ ಇದೆ. ಲಾಂಗೊಲೆನ್ ಕಾಲುವೆಯ ವಿಶೇಷ ಏನೆಂದರೆ, ಡೀ ನದಿಯಿಂದ ಬರುವ ಈ ನೀರು ಹರ್ಲ್‌ಸ್ಟನ್ ಜಲಾಶಯ ಸೇರಿ, ಶುದ್ಧವಾಗಿ, ಕೆಳಗಿನ ಜನರ ಕುಡಿಯುವ ನೀರಾಗುತ್ತದೆ. ಅಮ್ಮ ಶನಿವಾರದ ಎಣ್ಣೆಸ್ನಾನಕ್ಕೆ ಎಣ್ಣೆ ತೆಗೆದಾಗ ಇದನ್ನು ಹೇಳಿದೆ. ಎಣ್ಣೆ ಬಾಟಲಿ ಸುಮ್ನೆ ಚೀಲಕ್ಕೆ ವಾಪಸ್ ಹೋಯಿತು.

ಅಮ್ಮನ ಜೊತೆ ನಾನು ಜೋರು ಮಾಡಿದ್ದು ಒಂದೇ ವಿಷಯಕ್ಕೆ. ಸ್ನಾನ ಮಾಡುವಾಗ ತಣ್ಣನೆ ಗಾಳಿ ಬರುತ್ತದೆ ಅಂತ ಚಾವಣಿಯ ಗಾಳಿಕಿಂಡಿಗೆ ಬಟ್ಟೆ ತುರುಕಿದ್ದರು. ಬೋಟಿನೊಳಗೆ ಗ್ಯಾಸ್ ಒಲೆ ಇದೆ, ಸೌದೆ ಒಲೆ ಇದೆ. ಕಿಂಡಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಬೆಂಗಳೂರಿನಲ್ಲಿ ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿ ಓದಿದ್ದೇವಲ್ಲ, ಅದೇ ಅಪಾಯ. ಅಲಾರಂ ಇರುತ್ತದೆ, ಬಟನ್ ಒತ್ತಿ ಪರೀಕ್ಷಿಸಿ. ಆದರೂ ಕಿಂಡಿ ಮುಚ್ಚಬೇಡಿ.

ನೀರು ದಿನಾ ತುಂಬಿಸಿ. ಎಲ್ಸ್‌ಮಿಯರ್‌ನಲ್ಲಿ ನಲ್ಲಿ ಇದೆ, ಲಾಂಗೊಲೆನ್‌ನಲ್ಲಿ ಬೋಟುಗಳು ನಿಲ್ಲುವ ಬೇಸಿನ್‌ನಲ್ಲಿ ಕಟ್ಟುವ ಕಡೆಯೇ ಇದೆ. ನಲ್ಲಿ ನಿಧಾನವಾಗಿದ್ದರೆ ಗಂಟೆ ಹಿಡಿಯುತ್ತದೆ, ತಿಂಡಿ ಹೊತ್ತಿಗೆ ಹೊಂದಿಸಿಕೊಳ್ಳಿ. ಬೋಟಿನೊಳಗೆ ಯಾರೂ ನಲ್ಲಿ ತೆರೆಯದೆ, ಟ್ಯಾಂಕಿನಿಂದ ನಲ್ಲಿಗೆ ನೀರು ತಳ್ಳುವ ಪಂಪ್ ಒಂದೇ ಸಮನೆ ಓಡುತ್ತಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಸೋರುತ್ತಿದೆ ಅಂತ ಅರ್ಥ. ತಕ್ಷಣ ಸ್ವಿಚ್ ಆರಿಸಿ.

ಲಾಂಗೊಲೆನ್‌ನಲ್ಲಿ ಟ್ಯಾಂಕ್ ತುಂಬಿತ್ತು, ಹಂಡೆ ಕಾದಿತ್ತು. "ಇವತ್ತು ಶವರಿನಲ್ಲೇ ಮಾಡಮ್ಮ, ಬೇಕಾದಷ್ಟು ನೀರಿದೆ" ಅಂದೆ. ಅಮ್ಮ ಚೊಂಬು ತಗೊಂಡೇ ಒಳಗೆ ಹೋದರು. ಅವತ್ತು ಮಾತ್ರ ಎರಡು ಬಕೆಟ್ ಆಯಿತು.