ಸೊನ್ನೆಯೂ ಒಂದು ವರದಿ: ಮಲೇರಿಯಾ ಕಣ್ಗಾವಲು ತಂತ್ರಾಂಶದ ಪ್ರಗತಿ

ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಮಲೇರಿಯಾ ಕಣ್ಗಾವಲು ತಂತ್ರಾಂಶದ, ಅಂದರೆ ಆರೋಗ್ಯ ಕೇಂದ್ರಗಳ ವರದಿ ಸೇರಿಸಿ ರೋಗ ಎಲ್ಲಿದೆ ಎಂದು ಗಮನಿಸುವ ತಂತ್ರಾಂಶದ, ಮಾದರಿ ಈಗ ಒಂದು ಹದಕ್ಕೆ ಬಂದಿದೆ. ಇದರೊಳಗಿನ ರೋಗಿಗಳು, ಊರುಗಳು, ಆರೋಗ್ಯ ಕೇಂದ್ರಗಳು ಎಲ್ಲವೂ ಕಲ್ಪಿತ. ನಿಜವಾದ ರೋಗಿಯ ವಿಳಾಸ ಹವ್ಯಾಸಿಯೊಬ್ಬನ ಕಂಪ್ಯೂಟರಿನಲ್ಲಿ ಇರಕೂಡದು. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಈ ಸಲ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಪ್ರಶ್ನೆ. ವಾರದ ವರದಿಯಲ್ಲಿ ಒಂದು ಕೇಂದ್ರದ ಮುಂದೆ ಖಾಲಿ ಇದ್ದರೆ ಏನೆಂದು ಓದಬೇಕು? ಅಲ್ಲಿ ಯಾರಿಗೂ ಸೋಂಕು ಬಂದಿಲ್ಲವೆಂದೋ, ವರದಿಯೇ ಬಂದಿಲ್ಲವೆಂದೋ? ರೋಗ ವ್ಯಾಪಕವಾಗಿರುವಾಗ ನಾಲ್ಕಾರು ವರದಿಗಳು ತಪ್ಪಿಹೋದರೂ ಒಟ್ಟು ಚಿತ್ರ ಅಷ್ಟೇನೂ ಬದಲಾಗುವುದಿಲ್ಲ. ನಿರ್ಮೂಲನೆ ಹತ್ತಿರವಾದಾಗ ಮಾತ್ರ ಅದೇ ಖಾಲಿ ಜಾಗ ಅಪಾಯಕಾರಿ. ಕನಿಷ್ಠ ಸತತ 3 ವರ್ಷ ಸ್ಥಳೀಯವಾಗಿ ರೋಗ ಹರಡಿಲ್ಲವೆಂದು ತೋರಿಸಿದ ದೇಶಕ್ಕಷ್ಟೇ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ಮುಕ್ತ ಪ್ರಮಾಣಪತ್ರ ಕೊಡುತ್ತದೆ. ಹುಡುಕದೇ ಇದ್ದರೆ ‘ಇಲ್ಲ’ ಎನ್ನಲು ಆಧಾರವೆಲ್ಲಿದೆ?

ಹಾಗಾಗಿ ಪ್ರತಿ ಸಾಲಿನಲ್ಲೂ ಈಗ ಮೂರು ಸಂಗತಿಗಳಿವೆ: ವರದಿ ತಲುಪಿದ ದಿನ, ರಕ್ತಪರೀಕ್ಷೆಗಳ ಸಂಖ್ಯೆ, ಸೋಂಕು ಕಂಡವರ ಸಂಖ್ಯೆ. 40 ಪರೀಕ್ಷೆ ಮಾಡಿ ಒಂದೂ ಸೋಂಕು ಸಿಗದಿದ್ದರೆ ನಕ್ಷೆಯಲ್ಲಿ ಹಸಿರು. ಪರೀಕ್ಷೆಯನ್ನೇ ಮಾಡದ ಸೊನ್ನೆಗೆ ಬೂದು. ವರದಿ ಬಾರದಿದ್ದರೆ ಅಡ್ಡಗೆರೆ. ಮೊದಲು ಬಹುತೇಕ ಹಸಿರಾಗಿದ್ದ ನಕ್ಷೆಯಲ್ಲಿ ಈಗ ಬೂದು ಬಣ್ಣವೇ ಎದ್ದು ಕಾಣುತ್ತಿದೆ. ನನಗೆ ಈ ನಕ್ಷೆಯ ಮೇಲೇ ಹೆಚ್ಚು ನಂಬಿಕೆ.

ಎರಡನೆಯ ಕೆಲಸ ದಿನಾಂಕಗಳದ್ದು. ಚೀನಾ ಅನುಸರಿಸಿದ ‘1-3-7’ ಕ್ರಮವನ್ನು ಅಳವಡಿಸಿದ್ದೇನೆ: 1 ದಿನದೊಳಗೆ ಪ್ರಕರಣದ ವರದಿ, 3 ದಿನದೊಳಗೆ ಅದರ ತನಿಖೆ, 7 ದಿನದೊಳಗೆ ಆ ಜಾಗದಲ್ಲಿ ಹರಡುವಿಕೆ ತಡೆಯುವ ಕ್ರಮ. 2021ರ ಜೂನ್‌ನಲ್ಲಿ ಆ ದೇಶಕ್ಕೆ ಪ್ರಮಾಣಪತ್ರ ಸಿಕ್ಕಿತು. ಸೊಳ್ಳೆಯ ಮೈಯಲ್ಲಿ ರೋಗಾಣು ಬೆಳೆದು ಮತ್ತೊಬ್ಬರಿಗೆ ಅಂಟುವ ಹಂತಕ್ಕೆ ಬರಲು ಬೆಚ್ಚನೆಯ ಹವೆಯಲ್ಲಿ ಸುಮಾರು 10 ದಿನ ಬೇಕು; ಈ ಅವಸರದ ಅರ್ಥ ಅಲ್ಲಿದೆ. ಆದರೆ ಈ ಗಡಿಯಾರ ಓಡಲು ಶುರುವಾಗುವುದು ರೋಗ ಪತ್ತೆಯಾದ ಮೇಲೆ. ಅದಕ್ಕೂ ಮುಂಚೆ ರೋಗಿ ಜ್ವರದಲ್ಲಿ ಕಳೆದ ದಿನಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಅದಕ್ಕೇ ಜ್ವರ ಆರಂಭವಾದ ದಿನಕ್ಕೆ ಪ್ರತ್ಯೇಕ ಕಾಲಂ ಇಟ್ಟಿದ್ದೇನೆ.

ಪ್ರಕರಣಗಳ ವರ್ಗೀಕರಣದಲ್ಲೂ ಒಂದು ಬಿಗಿ ತಂದಿದ್ದೇನೆ. ಮಲೇರಿಯಾದ ಒಂದು ಬಗೆಯಾದ ವೈವಾಕ್ಸ್‌ನ ರೋಗಾಣು ಯಕೃತ್ತಿನಲ್ಲಿ ಸುಪ್ತವಾಗಿದ್ದು ತಿಂಗಳುಗಳ ನಂತರವೂ ಮರುಕಳಿಸಬಲ್ಲದು. ಅದನ್ನು ಹೊಸ ಸ್ಥಳೀಯ ಸೋಂಕೆಂದು ಬರೆದುಕೊಂಡರೆ, ಇತ್ತೀಚೆಗೆ ರೋಗ ಹರಡದ ಊರಿನಲ್ಲಿ ತಂಡ ಅದರ ಮೂಲ ಹುಡುಕುತ್ತ ಅಲೆಯುತ್ತದೆ. ಪ್ರಯಾಣದ ವಿವರ ಹಾಗೂ ಹಿಂದಿನ ಸೋಂಕಿನ ಬಗೆಗಿನ ಪ್ರಶ್ನೆಗಳಿಗೆ ಉತ್ತರ ತುಂಬುವವರೆಗೆ ‘ಸ್ಥಳೀಯ’ ಎಂಬ ಆಯ್ಕೆ ಈಗ ತೆರೆದುಕೊಳ್ಳುವುದಿಲ್ಲ.

ಬಾಕಿ ಇರುವುದು: ಇಂಟರ್‌ನೆಟ್ ಇಲ್ಲದ ಕಡೆ ಮೊಬೈಲಿನಲ್ಲಿ ತುಂಬಿದ ಮಾಹಿತಿ ನಂತರ ಸೇರುವಾಗ ಒಬ್ಬನೇ ರೋಗಿ ಎರಡು ಬಾರಿ ದಾಖಲಾಗದಂತೆ ನೋಡಿಕೊಳ್ಳುವುದು. ಸೊಳ್ಳೆಯ ಪ್ರಭೇದ, ಲಾರ್ವಾ ಸಿಕ್ಕ ನೀರಿನ ತಾಣ ಇವುಗಳ ಪಟ್ಟಿಯನ್ನು ಪ್ರಕರಣಗಳ ನಕ್ಷೆಗೆ ಜೋಡಿಸುವ ಕೆಲಸವೂ ಇದೆ. ಮೊದಲು ಹಿಡಿಯುವುದು ರೋಗಿಯ ದಾಖಲೆಯ ಕೆಲಸವನ್ನೇ.