‘ಸಂಸಾರ ನೌಕ’ದ ಕಡತ: ಮೂರನೆಯ ತಿಂಗಳು

1936ರ ‘ಸಂಸಾರ ನೌಕ’ ಚಿತ್ರಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ಒಂದೆಡೆ ಕೂಡಿಸುವ ಕೆಲಸ ಈ ತಿಂಗಳು ಎಣಿಸಿದಷ್ಟು ಸಾಗಲಿಲ್ಲ. ಪುರಾಣದ ಕಥೆಗಳೇ ಮೆರೆಯುತ್ತಿದ್ದ ಕಾಲದಲ್ಲಿ, ಅಜ್ಜನ ಮಾತು ಮೀರಿ ಮದುವೆಯಾದ ಮೊಮ್ಮಗನ ಮನೆವಾರ್ತೆಯನ್ನು ಎಚ್.ಎಲ್.ಎನ್. ಸಿಂಹ ಅವರು ರಂಗದಿಂದ ತೆರೆಗೆ ತಂದರು, ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಅದರಲ್ಲಿ ನಟಿಸಿದರು. ಸಂಗ್ರಾಹಕರು ಇಲ್ಲಿಗೆ ಬರುವುದು ಬಹುಮಟ್ಟಿಗೆ ಹಿಮ್ಮುಖವಾಗಿ: ಇವರು ಮುಂದೆ ನಿರ್ದೇಶಿಸಿದ ಚಿತ್ರಗಳಾದ ‘ಬೇಡರ ಕಣ್ಣಪ್ಪ’ದಿಂದ (1954) ಸಿಂಹರತ್ತ, ‘ಕಿತ್ತೂರು ಚೆನ್ನಮ್ಮ’ದಿಂದ (1961) ಪಂತುಲು ಅವರತ್ತ.

ಆ ಕಾಲದ ಚಿತ್ರಗಳೆಲ್ಲ ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನಲ್ಲಿದ್ದವು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಹುಟ್ಟಿದ್ದು 1964ರಲ್ಲಿ. ಆದ್ದರಿಂದ ಸಂಗ್ರಾಹಕನ ಪಾಲಿಗೆ ಉಳಿಯುವುದು ಕರಪತ್ರ, ಗ್ರಾಮಫೋನ್ ತಟ್ಟೆ, ಹಾಡಿನ ಪುಸ್ತಕ. ನನಗೆ ಹೆಚ್ಚು ಪ್ರಿಯವಾದದ್ದು ಹಾಡಿನ ಪುಸ್ತಕವೇ. ಅದರ ಕಥಾಸಾರ ಸಾಮಾನ್ಯವಾಗಿ ಸಂಸಾರವನ್ನು ನಡುನೀರಿಗೆ ತಂದು ಬಿಟ್ಟು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿದುಬಿಡುತ್ತದೆ.

ಮೂಲಪ್ರತಿಯೆಂದು ನಂಬಿ ವ್ಯಾಪಾರಿಯೊಬ್ಬರಿಂದ ತರಿಸಿದ ಹಾಡಿನ ಪುಸ್ತಕವು ಜೆರಾಕ್ಸ್ ಎಂದು ಗೊತ್ತಾಗಲು ಎರಡು ನಿಮಿಷ ಹಿಡಿಯಿತು. ಅಚ್ಚುಮೊಳೆಯಲ್ಲಿ ಮುದ್ರಿಸಿದ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರಗಳ ಒತ್ತು ಕೈಗೆ ಹತ್ತುತ್ತದೆ, ಇದು ನುಣುಪಾಗಿತ್ತು. ಮಡಿಕೆಯ ಬಳಿ ಹಳೆಯ ಪಿನ್ನಿನ ತೂತುಗಳು ಕಪ್ಪು ಚುಕ್ಕೆಗಳಾಗಿ ಮುದ್ರಿತವಾಗಿದ್ದವು, ಅದರ ಪಕ್ಕದಲ್ಲೇ ಹೊಸ ಪಿನ್ನು ಹೊಳೆಯುತ್ತಿತ್ತು! ಕಾಗದವನ್ನು ಚಹಾದ ನೀರಿನಲ್ಲಿ ಅದ್ದಿ ಕಂದು ಮಾಡುವಷ್ಟು ಶ್ರಮವನ್ನಂತೂ ಪಟ್ಟಿದ್ದಾರೆ. ಹಣ ವಾಪಸಾಗಲಿಲ್ಲ. ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ‘ನಕಲು’ ಎಂದು ಬರೆದು ಕಡತದಲ್ಲೇ ಇರಿಸಿದ್ದೇನೆ.

ಮೂಲಪ್ರತಿ ಸಿಕ್ಕಾಗ ಕೈ ಪಳಗಿರಲೆಂದು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಬೇರೊಂದು ಚಿತ್ರದ ಹರಿದ ಹಾಡಿನ ಪುಸ್ತಕವನ್ನು ದುರಸ್ತಿಗೆ ಎತ್ತಿಕೊಂಡಿದ್ದೇನೆ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ಹಿಂದಿನ ಕಾಲುಗಳನ್ನು ನೆಟ್ಟಗೆ ಮಾಡಿ ಹೊರಗೆ ತಳ್ಳಬೇಕು. ಮೊದಲನೆಯದನ್ನು ಆತುರದಲ್ಲಿ ಎಳೆದು ಎರಡು ಅಕ್ಷರ ಕಳೆದುಕೊಂಡೆ. ಹರಿದ ಅಂಚುಗಳಿಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿಗಂಜಿಯಿಂದ ಅಂಟಿಸಿ, ಹಳೆಯ ತೂತುಗಳಲ್ಲೇ ಹತ್ತಿನೂಲಿನ ಹೊಲಿಗೆ ಹಾಕುವುದು ಮುಂದಿನ ಕೆಲಸ. ಸದ್ಯಕ್ಕೆ ಹಾಳೆಗಳು ಒತ್ತುಕಾಗದದ ನಡುವೆ, ದಪ್ಪ ನಿಘಂಟೊಂದರ ಕೆಳಗೆ ಒಣಗುತ್ತಿವೆ.