ಮೆಥಡೋನ್ ಬಿಟ್ಟು ಬ್ಯುಪ್ರೆನಾರ್ಫಿನ್ ಹಿಡಿಯುವ ನಡುವಿನ ಹೊತ್ತು

ಅಫೀಮು ವರ್ಗದ ವ್ಯಸನಕ್ಕೆ ಕೊಡುವ ಬದಲಿ ಔಷಧವನ್ನು ಬದಲಾಯಿಸುವಾಗ ಹೊಸ ಮಾತ್ರೆಗಿಂತ ಅದಕ್ಕೆ ಮುಂಚಿನ ಕಾಯುವಿಕೆಯೇ ಕಠಿಣ ಎಂಬುದು, ಮಂಡ್ಯದಲ್ಲಿ ಬಹುಕಾಲ ಔಷಧದಂಗಡಿ ನಡೆಸಿದ ನನಗೆ ಅಣ್ಣನ ಮಗನ ಚಿಕಿತ್ಸೆಯಿಂದ ಮನದಟ್ಟಾಯಿತು. ದೆಹಲಿಯಲ್ಲಿ ಬ್ರೌನ್ ಶುಗರ್ ಎಂಬ ಕಚ್ಚಾ ಹೆರಾಯಿನ್ ಬಿಟ್ಟು, ಬದಲಿ ಔಷಧವಾದ ಮೆಥಡೋನ್ ಸಿರಪ್ಪಿನ ಮೇಲೆ ನೆಮ್ಮದಿಯಾಗಿದ್ದ ಅವನು ಊರಿಗೆ ಮರಳಲು ನಿರ್ಧರಿಸಿದ್ದ. ನಮ್ಮ ದೇಶದಲ್ಲಿ ಮೆಥಡೋನ್ ಕೊಡುವ ಕೇಂದ್ರಗಳು ಕೆಲವೇ ಇರುವುದರಿಂದ ಇನ್ನೊಂದು ಬದಲಿ ಔಷಧವಾದ ಬ್ಯುಪ್ರೆನಾರ್ಫಿನ್‌ಗೆ ಬದಲಾಗುವುದು ಅನಿವಾರ್ಯವಾಯಿತು.

ಮೆಥಡೋನ್ ಮಿದುಳಿನ ಓಪಿಯಾಯ್ಡ್ ಗ್ರಾಹಕಗಳನ್ನು, ಅಂದರೆ ಅಫೀಮು ವರ್ಗದ ವಸ್ತುಗಳು ಅಂಟಿಕೊಳ್ಳುವ ತಾಣಗಳನ್ನು, ಪೂರ್ಣವಾಗಿ ಪ್ರಚೋದಿಸುತ್ತದೆ. ಬ್ಯುಪ್ರೆನಾರ್ಫಿನ್ ಭಾಗಶಃ ಮಾತ್ರ ಪ್ರಚೋದಿಸಿದರೂ ಅವುಗಳನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಮೆಥಡೋನ್ ಇನ್ನೂ ದೇಹದಲ್ಲಿರುವಾಗಲೇ ಇದನ್ನು ಕೊಟ್ಟರೆ ಅದನ್ನು ಹೊರದಬ್ಬಿ, ತಾನು ಅಷ್ಟು ಬಲ ಕೊಡಲಾರದೆ, ರೋಗಿಯನ್ನು ಸ್ವಲ್ಪ ಹೊತ್ತಿನಲ್ಲೇ, ಒಗ್ಗಿದ ಮಾದಕ ಸಿಗದಾಗ ದೇಹ ನರಳುವ ತೀವ್ರ ವಿತ್‌ಡ್ರಾಯಲ್‌ಗೆ ತಳ್ಳುತ್ತದೆ. ಹೀಗಾಗಿ ಸಾಂಪ್ರದಾಯಿಕ ಕ್ರಮದಲ್ಲಿ ಮೆಥಡೋನ್ ಪ್ರಮಾಣವನ್ನು ದಿನಕ್ಕೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗೆ ನಿಧಾನವಾಗಿ ಇಳಿಸಿ, ಕೊನೆಯ ಡೋಸಿನ ನಂತರ ಕನಿಷ್ಠ 24 ಗಂಟೆ, ಎಷ್ಟೋ ಬಾರಿ 36ರಿಂದ 72 ಗಂಟೆಯವರೆಗೂ ಕಾಯುತ್ತಾರೆ.

ಅವನ ಮೆಥಡೋನನ್ನು ದೆಹಲಿಯಲ್ಲೇ ಇಳಿಸಿದ್ದರು, ಕಾಯುವುದು ಮಾತ್ರ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನಡೆಯಿತು. ಆಕಳಿಕೆ, ಸೋರುವ ಮೂಗು, ಮೈಕೈ ಸೆಳೆತ, ಒಂದು ಕಡೆ ಕೂರಲಾಗದ ಚಡಪಡಿಕೆ ಶುರುವಾದಾಗ ಅತ್ತಿಗೆ, "ಹೈದ ಒದ್ದಾಡ್ತಾವ್ನೆ, ಆ ಮಾತ್ರೆ ಕೊಟ್ಬುಡದಲ್ವೇನಪ್ಪ?" ಎಂದು ನನ್ನನ್ನೇ ಕೇಳಿದರು. ತಾಯಿಗೆ ಉತ್ತರಿಸುವುದು ಸುಲಭವಲ್ಲ, ಏಕೆಂದರೆ ವೈದ್ಯರು ಕಾಯುತ್ತಿದ್ದುದು ಅದೇ ಲಕ್ಷಣಗಳಿಗೆ. ನಾಡಿ, ಬೆವರು, ಕಣ್ಣಪಾಪೆಯ ಅಗಲ ಮೊದಲಾದವಕ್ಕೆ ಅಂಕ ಕೊಟ್ಟು, ವಿತ್‌ಡ್ರಾಯಲ್ ಸಾಕಷ್ಟು ಸ್ಪಷ್ಟವಾದ ಮೇಲೆ 2 ಮಿಲಿಗ್ರಾಮಿನ ಮಾತ್ರೆಯನ್ನು ನಾಲಿಗೆಯ ಕೆಳಗಿಡಿಸಿ, ಅದು ಒಗ್ಗಿದ್ದನ್ನು ನೋಡಿಕೊಂಡು ಪ್ರಮಾಣ ಹೆಚ್ಚಿಸಿದರು.

ಇಷ್ಟು ಕಾಯಿಸದ ಇನ್ನೊಂದು ದಾರಿಯೂ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರು 2016ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಹಳೆಯ ಔಷಧವನ್ನು ಮುಂದುವರಿಸುತ್ತಲೇ ಬ್ಯುಪ್ರೆನಾರ್ಫಿನನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ದಿನದಿನಕ್ಕೆ ಏರಿಸುತ್ತಾರೆ. ಮೆಥಡೋನ್ ಪ್ರಮಾಣ ಹೆಚ್ಚಿದ್ದು ಅದನ್ನು ಇಳಿಸಲಾಗದವರಿಗೆ ಇದು ಹೆಚ್ಚು ದಯೆಯ ಮಾರ್ಗವೆಂದು ನನ್ನ ಅನಿಸಿಕೆ. ಬ್ಯುಪ್ರೆನಾರ್ಫಿನ್‌ನಿಂದ ಮೆಥಡೋನ್‌ಗೆ ಹೋಗುವುದಾದರೆ ಈ ಪಾಡಿಲ್ಲ, ಸಾಮಾನ್ಯವಾಗಿ ಮರುದಿನವೇ ಆರಂಭಿಸಬಹುದು, ಆದರೆ ಮೆಥಡೋನ್ ದೇಹದಲ್ಲಿ ದಿನಗಟ್ಟಲೆ ಶೇಖರವಾಗುವುದರಿಂದ ಅವಸರದಲ್ಲಿ ಪ್ರಮಾಣ ಏರಿಸಿದರೆ ಉಸಿರಾಟಕ್ಕೇ ಅಪಾಯ.

ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆ, ಈ ಮಾತ್ರೆಯನ್ನು ಯಾವಾಗ ನಿಲ್ಲಿಸುವುದು ಎಂಬುದು. ಬೇಗನೆ ನಿಲ್ಲಿಸಿದವರು ಮತ್ತೆ ಮಾದಕಕ್ಕೆ ಮರಳಿದರೆ, ಮಾದಕವನ್ನು ತಾಳಿಕೊಳ್ಳುವ ಶಕ್ತಿ ಕುಗ್ಗಿದ ದೇಹಕ್ಕೆ ಹಳೆಯ ಪ್ರಮಾಣವೇ ಪ್ರಾಣಾಂತಿಕವಾಗಬಹುದು ಎಂದು ವೈದ್ಯರು ಅಣ್ಣನಿಗೆ ವಿವರಿಸಿ, ನಿಲ್ಲಿಸುವ ದಿನಾಂಕವನ್ನು ಚೀಟಿಯಲ್ಲಿ ಬರೆಯಲು ಒಪ್ಪಲಿಲ್ಲ.